ಕಾಗದದಲ್ಲಿ ನೆಲೆಸಿದ ಹಂಪೆ

ಹಂಪೆಯ ಹೆಸರನ್ನು ಕೇಳದ ಕನ್ನಡಿಗರು ಇರಲಾರರು. ಅದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿಯೋ, ಕಾಣದೆಯೇ ಬಲ್ಲವರು ಅವರಿಗಿಂತಲೂ ಹೆಚ್ಚು ಮಂದಿ. ಶಾಲೆಯ ಪುಸ್ತಕಗಳಲ್ಲಿ, ಗೋಡೆಯ ಪಂಚಾಂಗಗಳಲ್ಲಿ, ನೆಂಟರು ಯಾತ್ರೆಯಿಂದ ತಂದ ಪಟಗಳಲ್ಲಿ ಕಲ್ಲಿನ ರಥವನ್ನು ನೋಡಿ ನೋಡಿ, ಹೊಸಪೇಟೆಯ ಕಡೆಗೆ ಒಮ್ಮೆಯೂ ಹೋಗದವರಿಗೂ ಆ ಗಾಲಿಗಳ ಕೆತ್ತನೆಯು ಕಣ್ಣಿಗೆ ಕಟ್ಟಿದಂತಿರುತ್ತದೆ. ಅಷ್ಟೇಕೆ, ೨೦೧೭ನೆಯ ಇಸವಿಯಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದೂ ಆ ರಥವೇ. ತರಕಾರಿಯ ಅಂಗಡಿಗೆ ಹೊರಟ ಗೃಹಿಣಿಯ ಕೈಚೀಲದಲ್ಲಿಯೂ ಹಂಪೆಯ ಒಂದು ತುಣುಕು ಇದ್ದೇ ಇರುತ್ತದೆ.

ವಾಚಕರು ಆ ನೋಟನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕೆಂದು ನಮ್ಮ ಕೋರಿಕೆ. ರಥದ ನೆತ್ತಿಯ ಮೇಲೆ ಶಿಖರವಿಲ್ಲ. ಅದು ಚಪ್ಪಟೆಯಾಗಿ ನಿಂತಿದೆ. ನಾವೆಲ್ಲರೂ ಬಲ್ಲ ರಥವು ಇದೇ. ಆದರೆ ೧೮೫೬ನೆಯ ಇಸವಿಯಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಇದೇ ರಥದ ಮೇಲೆ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಶಿಥಿಲವಾಗಿದ್ದರೂ ಅಂದು ಅದು ನಿಂತಿತ್ತು, ಬಳಿಕ ಇಲ್ಲವಾಯಿತು. ಆ ಒಂದು ಪಟವು ಉಳಿಯದೆ ಹೋಗಿದ್ದರೆ, ಮೊದಲಿನಿಂದಲೂ ರಥವು ಹೀಗೆಯೇ ಇದ್ದಿತೆಂದು ಸಾಮಾನ್ಯರಾದ ನಾವು ನಂಬಿಬಿಡುತ್ತಿದ್ದೆವು. ಕಲ್ಲು ಮರೆತದ್ದನ್ನು ಕಾಗದವು ನೆನಪಿಟ್ಟುಕೊಂಡಿತು. ಆ ಕಾಗದದ ಕಥೆಯನ್ನು, ಅದು ನೆನಪಿಟ್ಟುಕೊಳ್ಳಲಾರದೆ ಬಿಟ್ಟದ್ದೇನೆಂಬುದನ್ನು, ಹಂಪೆಯ ನೆಲದ ಮೇಲೆಯೇ ನಿಂತು ವಾಚಕರಿಗೆ ತಿಳಿಸಬೇಕೆಂಬುದು ಈ ಬರಹದ ಉದ್ದೇಶ.

ಆ ಪಟವನ್ನು ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ. ಮದರಾಸು ದೇಶೀ ಪದಾತಿ ಸೈನ್ಯದ ನಲವತ್ತಾರನೆಯ ದಳಕ್ಕೆ ಸೇರಿದವನು. ಅವನಿಗಿಂತ ಮುಂಚೆ ಹಂಪೆಯನ್ನು ಯಾರೂ ಚಿತ್ರಿಸಿರಲಿಲ್ಲವೆಂದು ತಿಳಿಯಬಾರದು. ಶ್ರೀರಂಗಪಟ್ಟಣವು ಬಿದ್ದ ೧೭೯೯ರಲ್ಲಿಯೇ ಕಾಲಿನ್ ಮೆಕೆಂಜಿಯು ಇಲ್ಲಿಗೆ ಬಂದು ಹಾಳೂರಿನ ನಕ್ಷೆಯನ್ನು ಬರೆಸಿದ್ದನು. ಆದರೆ ಕುಂಚದಿಂದ ಬರೆದ ಚಿತ್ರವೆಂದರೆ ಬರೆಯುವವನು ಕಂಡದ್ದು. ತನಗೆ ಬೇಡವಾದ ಪೊದೆಯನ್ನು ಅವನು ಬಿಡಬಹುದು, ಬೇಕಾದ ಮರವನ್ನು ಸೇರಿಸಬಹುದು. ಬೆಳಕೇ ಬರೆದ ಚಿತ್ರದಲ್ಲಿ ಈ ಸ್ವಾತಂತ್ರ್ಯವು ಕಡಿಮೆ. ಎದುರಿಗಿದ್ದ ಪೊದೆಯು ಪಟದಲ್ಲಿಯೂ ಇರುತ್ತದೆ. ಗ್ರೀನ್‌ಲಾ ತೆಗೆದ ಅರವತ್ತರಷ್ಟು ಪಟಗಳಲ್ಲಿ ವಿಠ್ಠಲ ದೇವಾಲಯ, ಕಮಲಮಹಲು, ಆನೆಯ ಲಾಯ ಮೊದಲಾದ ಕಟ್ಟಡಗಳು ಗಿಡಗಂಟೆಗಳ ನಡುವೆ ಅಂದು ಇದ್ದಂತೆಯೇ ಕಾಣುವುವು.

ಬೆಳಕು ಹೇಗೆ ಚಿತ್ರ ಬರೆಯುತ್ತದೆಯೆಂದು ತಿಳಿಯಲು ಹಂಪೆಯಲ್ಲಿ ಯಂತ್ರವೇ ಬೇಕಿಲ್ಲ. ವಿರೂಪಾಕ್ಷಸ್ವಾಮಿಯ ಗುಡಿಯೊಳಗೆ, ಗರ್ಭಗೃಹದ ಹಿಂಬದಿಗೆ ಒಂದು ಕತ್ತಲೆಯ ಕೋಣೆಯಿದೆ. ಯಾತ್ರಿಕರನ್ನು ಅರ್ಚಕರೂ ದಾರಿ ತೋರಿಸುವವರೂ ಅಲ್ಲಿಗೆ ತಪ್ಪದೆ ಕರೆದೊಯ್ಯುತ್ತಾರೆ. ಗೋಡೆಯಲ್ಲಿರುವ ಸಣ್ಣ ಸಂದಿನಿಂದ ಒಳನುಗ್ಗಿದ ಬೆಳಕು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಆ ಬೆಳಕಿನಲ್ಲಿ ಪೂರ್ವದಿಕ್ಕಿನ ರಾಜಗೋಪುರವು ತಲೆಕೆಳಗಾಗಿ, ಕಲಶವು ನೆಲದ ಕಡೆಗೂ ಬುಡವು ಮೇಲಕ್ಕೂ ಇರುವಂತೆ, ಮೂಡಿ ನಿಲ್ಲುತ್ತದೆ. ಒಂಬತ್ತು ಅಂತಸ್ತುಗಳ ಗೋಪುರವು ಗೋಡೆಯ ಮೇಲಿನ ಒಂದು ನೆರಳಾಗಿ ಅಡಗಿಬಿಡುತ್ತದೆ. ಇದು ಪವಾಡವೆಂದು ಕೈಮುಗಿಯುವವರು ಉಂಟು. ಬೆಳಕು ನೇರವಾಗಿಯೇ ಹರಿಯುವುದರಿಂದ, ಮೇಲಿನಿಂದ ಬಂದ ಕಿರಣವು ಸಣ್ಣ ಕಿಂಡಿಯನ್ನು ಹಾಯ್ದು ಕೆಳಕ್ಕೂ, ಕೆಳಗಿನಿಂದ ಬಂದದ್ದು ಮೇಲಕ್ಕೂ ಹೋಗುತ್ತದೆಯೆಂದು ತಿಳಿದವರಿಗೂ ಅದನ್ನು ಕಂಡಾಗ ಸಂತೋಷವು ಕಡಿಮೆಯಾಗುವುದಿಲ್ಲ. ಕ್ಯಾಮರಾ ಎಂಬ ಮಾತಿನ ಮೂಲಾರ್ಥವೇ ಕೋಣೆ ಎಂಬುದಾಗಿದೆ. ಫೋಟೋ ತೆಗೆಯುವ ಯಂತ್ರವೆಂದರೆ ಇಂಥ ಕತ್ತಲೆಯ ಕೋಣೆಯನ್ನು ಪೆಟ್ಟಿಗೆಯಷ್ಟು ಚಿಕ್ಕದಾಗಿ ಮಾಡಿ, ಕಿಂಡಿಗೆ ಕನ್ನಡಕದಂಥ ಮಸೂರವನ್ನು ಕೂರಿಸಿದ್ದು, ಅಷ್ಟೇ.

ಆದರೆ ಗುಡಿಯ ಗೋಡೆಯ ಮೇಲಿನ ಚಿತ್ರವು ಬಿಸಿಲು ಹೋದೊಡನೆ ಅಳಿಸಿಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಹೇಗೆಂಬ ಪ್ರಶ್ನೆಯೇ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಕೆಲವರನ್ನು ಕಾಡಿತು. ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಲೇಕಾಕ್ ಎಂಬ ಹಳ್ಳಿಯಲ್ಲಿ ವಾಸವಾಗಿದ್ದ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಗೃಹಸ್ಥನು ಕಾಗದಕ್ಕೆ ಬೆಳ್ಳಿಯ ಲವಣವನ್ನು ಹಿಡಿಸಿ, ಬೆಳಕಿನ ಚಿತ್ರವನ್ನು ಅದರ ಮೇಲೆ ನಿಲ್ಲಿಸುವ ವಿಧಾನವನ್ನು ಕಂಡುಹಿಡಿದು, ೧೮೪೧ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೪೪ರಿಂದ ೧೮೪೬ರವರೆಗೆ ಕಂತುಕಂತಾಗಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ದೊಡ್ಡ ಕಟ್ಟಡಗಳ ಪಟಗಳಿಗೆ ಸಮನಾಗಿ ಒಂದು ಹುಲ್ಲಿನ ಬಣವೆಯ ಪಟವೂ, ತೆರೆದ ಬಾಗಿಲಿಗೆ ಒರಗಿಸಿಟ್ಟ ಪೊರಕೆಯ ಪಟವೂ ಇವೆ. ಛಾಯಾಚಿತ್ರವು ಹುಟ್ಟಿದ ಹೊಸತರಲ್ಲಿಯೇ ಹಳ್ಳಿಯ ಹಿತ್ತಿಲನ್ನು ನೋಡಿತೆಂಬುದು ನಮಗೆ ಸಂತೋಷವನ್ನು ಕೊಡತಕ್ಕ ಸಂಗತಿ.

ಗ್ರೀನ್‌ಲಾ ಹಂಪೆಗೆ ತಂದದ್ದು ಈ ಕಾಗದದ ವಿಧಾನವನ್ನೇ. ಕಾಗದಕ್ಕೆ ರಾಸಾಯನಿಕಗಳನ್ನು ಹಿಡಿಸಿ, ಕತ್ತಲಿನಲ್ಲಿಟ್ಟುಕೊಂಡು, ಯಂತ್ರದಲ್ಲಿ ಸೇರಿಸಿ, ಬಿಸಿಲಿನಲ್ಲಿ ನಿಲ್ಲಿಸಿ, ಮತ್ತೆ ಕತ್ತಲಿನಲ್ಲಿ ಬೇರೊಂದು ದ್ರವದಿಂದ ತೊಳೆದರೆ, ಬೆಳಕು ಬಿದ್ದ ಕಡೆಯೆಲ್ಲ ಕಪ್ಪಾಗಿಯೂ ನೆರಳಿನ ಕಡೆ ಬೆಳ್ಳಗೂ ಚಿತ್ರವು ಮೂಡುತ್ತದೆ. ಇದೇ ನೆಗೆಟಿವ್ ಎಂಬ ಮೂಲಪಟ. ಕಾಗದಕ್ಕೆ ಮೇಣವನ್ನೂ ಹಿಡಿಸುತ್ತಿದ್ದರು. ಬೋಂಡ ಕಟ್ಟಿದ ಕಾಗದವು ಎಣ್ಣೆಯನ್ನು ಕುಡಿದು ಬೆಳಕನ್ನು ಹಾಯಗೊಡುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಮೇಣದ ಕೆಲಸವೂ ಅದೇ. ಆ ಮೂಲಪಟವನ್ನು ಮತ್ತೊಂದು ಸಿದ್ಧಕಾಗದದ ಮೇಲೆ ಒತ್ತಿ ಬಿಸಿಲಿಗೆ ಇಟ್ಟರೆ ಕಪ್ಪು ಬಿಳುಪುಗಳು ತಿರುಗಿ ನಿಜವಾದ ಪಟವು ದೊರೆಯುತ್ತದೆ. ಹೀಗೆ ಒತ್ತಿ ತೆಗೆಯುವುದರಿಂದ ಪಟವು ಎಷ್ಟು ದೊಡ್ಡದಾಗಬೇಕೋ ಮೂಲಪಟವೂ ಅಷ್ಟೇ ದೊಡ್ಡದಿರಬೇಕು. ಗ್ರೀನ್‌ಲಾನ ಮೂಲಪಟಗಳು ಸುಮಾರು ಒಂದೂವರೆ ಅಡಿ ಅಗಲವಾದವು. ಅವನ್ನು ಹಿಡಿಸುವ ಯಂತ್ರವು ಒಂದು ಸಣ್ಣ ಪೆಟಾರಿಯಷ್ಟಾದರೂ ಇರಬೇಕು. ಇಂಗ್ಲೆಂಡಿನ ತಂಪಿಗೆ ಹೊಂದಿದ ರಾಸಾಯನಿಕಗಳು ನಮ್ಮ ಸೆಕೆಗೆ ಬೇಗನೆ ಕೆಡುತ್ತಿದ್ದುವಾದ್ದರಿಂದ, ಅವನು ಆ ವಿಧಾನವನ್ನು ಇಲ್ಲಿಯ ಹವೆಗೆ ಒಗ್ಗುವಂತೆ ತಿದ್ದಿಕೊಂಡನು. ಅವನ ಕ್ರಮವು ಬಳಿಕ ಛಾಯಾಗ್ರಾಹಕರ ನಡುವೆ ಅವನ ಹೆಸರಿನಿಂದಲೇ ಪರಿಚಿತವಾಯಿತು.

ಈ ಪಟಗಳ ಅಚ್ಚುಪ್ರತಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹಂಪೆಯನ್ನು ನೋಡಬೇಕೆಂಬ ಹಂಬಲದಿಂದ ನಾವು ಸಂಕ್ರಾಂತಿಯು ಕಳೆದ ವಾರ ಹೊಸಪೇಟೆಯಲ್ಲಿ ಇಳಿದೆವು. ೨೦೨೧ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ರಚಿತವಾದ ವಿಜಯನಗರ ಜಿಲ್ಲೆಗೆ ಇದೇ ಮುಖ್ಯಪಟ್ಟಣ. ಇಲ್ಲಿಂದ ಹಂಪೆಗೆ ಎಂಟು ಮೈಲಿ. ಪಟ್ಟಣದ ಗದ್ದಲವು ಮುಗಿಯುತ್ತಲೇ ದಾರಿಯ ಎರಡು ಮಗ್ಗುಲಲ್ಲಿಯೂ ಬಾಳೆಯ ತೋಟ, ಕಬ್ಬಿನ ಗದ್ದೆ. ಅವುಗಳ ಹಿಂದೆಯೇ, ದೊಡ್ಡ ಮಕ್ಕಳು ಆಡಿ ಬಿಟ್ಟುಹೋದ ಗುಂಡುಗಳಂತೆ ಒಂದರ ಮೇಲೊಂದು ಕುಳಿತ ಬಂಡೆಗಳ ಬೆಟ್ಟಸಾಲು. ಇಷ್ಟು ಒಣಗಿದ ಕಲ್ಲಿನ ಪಕ್ಕದಲ್ಲಿ ಇಷ್ಟು ಹಸುರು ಹೇಗೆಂದು ಹೊಸಬರು ಬೆರಗಾಗುತ್ತಾರೆ. ಇದಕ್ಕೆ ಕಾರಣ ಕಾಲುವೆಗಳು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ತುರ್ತು ಕಾಲುವೆಯು ಹಾಳುಮಂಟಪಗಳ ನಡುವೆ ಹರಿಯುತ್ತ ಈಗಲೂ ಗದ್ದೆಗೆ ನೀರುಣಿಸುತ್ತಿದೆ. ಅರಮನೆಗಳು ನೆಲಸಮವಾದುವು, ಒಕ್ಕಲಿಗನಿಗೆ ಬೇಕಾದ ಕಾಲುವೆಯು ಉಳಿಯಿತು. ರಾಜ್ಯಗಳ ಉಳಿವು ಅಳಿವುಗಳನ್ನು ಕುರಿತು ಯೋಚಿಸುವವರು ಈ ಕಾಲುವೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಒಳ್ಳೆಯದು.

ಮಾರನೆಯ ದಿನ ಬೆಳಗ್ಗೆ ನದಿಯ ದಂಡೆಯನ್ನು ಹಿಡಿದು ವಿಠ್ಠಲ ದೇವಾಲಯದ ಕಡೆಗೆ ನಡೆದೆವು. ನೀರು ತಗ್ಗಿತ್ತು. ಮಡುವಿನಲ್ಲಿ ಹರಿಗೋಲುಗಳು ಮಗುಚಿಟ್ಟ ಬುಟ್ಟಿಗಳಂತೆ ಸಾಲಾಗಿ ದಡದ ಮೇಲೆ ಬಿದ್ದಿದ್ದುವು. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸರ ದೊಮಿಂಗೊ ಪಾಯೆಸನು ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅಂದು ಬಿದಿರಿನ ಹೆಣಿಗೆಗೆ ತೊಗಲನ್ನು ಹೊದಿಸುತ್ತಿದ್ದರು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುತ್ತಾರೆ. ಐನೂರು ವರ್ಷಗಳಲ್ಲಿ ಆದ ಬದಲಾವಣೆ ಇಷ್ಟೇ.

ಹರಿಗೋಲಿನ ಮುದುಕನೊಬ್ಬನು ನಮ್ಮನ್ನು ಸ್ವಲ್ಪ ದೂರ ನೀರಿನಲ್ಲಿ ಸುತ್ತಿಸಿದನು. ನಾವು ಪಟಗಳನ್ನು ತೆಗೆದು ಬೆಟ್ಟಸಾಲಿನೊಡನೆ ಹೋಲಿಸಿ ನೋಡುತ್ತಿರಲು, ಅವನು ಹುಟ್ಟನ್ನು ನಿಲ್ಲಿಸಿ ಕೇಳಿದನು:

“ಏನ್ ಸ್ವಾಮಿ, ಊರು ಎದುರಿಗೇ ಐತಿ, ನೀವು ಕಾಗದ ನೋಡ್ತೀರಲ್ಲ?”

“ಇದೂ ನಿಮ್ಮ ಊರೇ, ಯಜಮಾನರೆ. ನೂರಾ ಎಪ್ಪತ್ತು ವರ್ಷಕ್ಕೆ ಹತ್ತಿರವಾಯಿತು, ಒಬ್ಬ ದೊರೆ ಬಂದು ತೆಗೆದದ್ದು” ಎಂದು ಒಂದು ಪಟವನ್ನು ಅವನ ಕೈಗೆ ಕೊಟ್ಟೆವು.

ಅವನು ಅಂಗೈಯನ್ನು ಪಂಚೆಗೆ ಒರಸಿಕೊಂಡು, ಪಟವನ್ನು ಅಂಚಿನಲ್ಲಿ ಹಿಡಿದು, ಬಹಳ ಹೊತ್ತು ನೋಡಿದನು. ಅವನ ದೃಷ್ಟಿಯು ಗುಡಿಯ ಮೇಲೆ ನಿಲ್ಲಲಿಲ್ಲ. ಹಿಂದಿನ ಗುಡ್ಡದ ಮೇಲೆ ನಿಂತಿತು. “ಈ ಗುಂಡು ನೋಡ್ರಿ, ಇವತ್ತಿಗೂ ಹಂಗೇ ಕುಂತೈತಿ” ಎಂದು ಬೆರಳು ಮಾಡಿ ತೋರಿಸಿದನು. ನಾವು ತಲೆಯೆತ್ತಿ ನೋಡಿದರೆ ನಿಜವೇ. ವಾಲಿದ ಆ ಬಂಡೆಯು ಪಟದಲ್ಲಿದ್ದಂತೆಯೇ ಆಕಾಶಕ್ಕೆ ಒರಗಿ ನಿಂತಿತ್ತು. ಬಳಿಕ ಅವನು ಉಳಿದ ಪಟಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ,

“ಗುಡಿ ತೆಗದಾನ, ಗುಡ್ಡ ತೆಗದಾನ. ಮಂದಿ ಯಾಕ ಇಲ್ಲ ಸ್ವಾಮಿ? ಆಗ ಇಲ್ಲಿ ಯಾರೂ ಇದ್ದಿಲ್ಲೇನು?” ಎಂದನು.

“ಇದ್ದೇ ಇದ್ದರು.”

“ಹಂಗಾರೆ ನಮ್ಮ ಮುತ್ತಾತನೂ ಇದ್ದಿರಬೇಕು. ಎಮ್ಮೆ ಹೊಡಕೊಂಡು ಹೋಗಿರಬೇಕು ಬಿಡ್ರಿ” ಎಂದು ನಕ್ಕು, ಪಟಗಳನ್ನು ನಮಗೆ ಹಿಂದಿರುಗಿಸಿ, ಮತ್ತೆ ಹುಟ್ಟು ಹಾಕತೊಡಗಿದನು.

ಮುದುಕನ ಪ್ರಶ್ನೆಗೆ ಉತ್ತರವು ಕಾಗದದಲ್ಲಿಯೇ ಇದೆ. ಗ್ರೀನ್‌ಲಾ ಬಳಸಿದ ಕಾಗದಕ್ಕೆ ಚುರುಕು ಸಾಲದು. ಒಳ್ಳೆಯ ಬಿಸಿಲಿನಲ್ಲಿಯೂ ಯಂತ್ರದ ಕಣ್ಣನ್ನು ಹಲವು ನಿಮಿಷಗಳವರೆಗೆ ತೆರೆದಿಡಬೇಕಾಗಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲಬಲ್ಲುದು ಕಲ್ಲು. ಅಲುಗದೆ ನಿಲ್ಲಬಲ್ಲುದು ಗುಡ್ಡ. ನೀರಿನ ಅಲೆಯು ಪಟದಲ್ಲಿ ಮೂಡದೆ ನದಿಯು ಗಾಜಿನ ಹಾಳೆಯಂತಾಗುತ್ತದೆ. ಗಾಳಿಗೆ ತೂಗುವ ಎಲೆಯು ಮಸುಕಾಗುತ್ತದೆ. ಆ ಕಾಗದವು ನೀಲಿಯ ಬೆಳಕಿಗೆ ಬಹಳ ಬೇಗ ಸೋಲುತ್ತಿದ್ದುದರಿಂದ ಆಕಾಶವು ಬರಿಯ ಬಿಳುಪಾಗಿ, ಮೋಡಗಳೆಲ್ಲ ಅಳಿಸಿಹೋಗುತ್ತಿದ್ದುವು. ತಲೆಯ ಮೇಲೆ ಹುಲ್ಲಿನ ಹೊರೆಯನ್ನು ಹೊತ್ತು ತೇರುಬೀದಿಯನ್ನು ಹಾಯ್ದು ಹೋದ ಹೆಂಗಸು, ಎಮ್ಮೆಯ ಹಿಂದೆ ಓಡಿದ ಹುಡುಗ, ಹರಿಗೋಲಿನವನು, ಇವರಾರೂ ಆ ಕಾಗದದ ಮೇಲೆ ಗುರುತನ್ನು ಬಿಡುವಷ್ಟು ಹೊತ್ತು ಒಂದೆಡೆ ನಿಂತಿರಲಾರರು. ಅವರು ಯಂತ್ರದ ಮುಂದೆಯೇ ನಡೆದುಹೋಗಿದ್ದರೂ ಪಟದಲ್ಲಿ ಇರಲಾರರು. ಹಂಪೆಯೆಂದರೆ ಜನರಿಲ್ಲದ ಹಾಳೂರು ಎಂಬ ಭಾವನೆಯು ಲೋಕದಲ್ಲಿ ಬೆಳೆಯುವುದಕ್ಕೆ ಇಂಥ ಪಟಗಳೂ ಸ್ವಲ್ಪಮಟ್ಟಿಗೆ ಕಾರಣವಾದುವೆಂದು ನಮಗೆ ತೋರುತ್ತದೆ. ದುಡಿಯುವವರು ಮರೆಯಾದರು, ನಿಂತ ಕಲ್ಲು ಉಳಿಯಿತು.

ಅದೇ ಕಾಲದಲ್ಲಿ ಕನ್ನಡನಾಡಿನ ಬೇರೆ ಎಡೆಗಳಿಗೂ ಇಂಥ ಯಂತ್ರಗಳು ಬಂದುವು. ೧೮೫೪ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಅವನ ೬೮ ಪಟಗಳನ್ನು ಜನರು ನೋಡಿದರು. ೧೮೫೬ರಲ್ಲಿ ಮದರಾಸಿನಲ್ಲಿ ಛಾಯಾಗ್ರಾಹಕರ ಸಂಘವೇ ಏರ್ಪಟ್ಟಿತು. ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ಕಟ್ಟಡಗಳನ್ನು ಕುರಿತು ದೊಡ್ಡದೊಂದು ಗ್ರಂಥವು ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಪಟಗಳನ್ನು ತೆಗೆದವರು ಡಾಕ್ಟರ್ ಪಿಗೂ, ನೀಲ್ ಮತ್ತು ಕರ್ನಲ್ ಬಿಗ್ಸ್ ಎಂಬ ಮೂವರು. ಇತಿಹಾಸದ ಭಾಗವನ್ನು ಬರೆದವನು ಸುರಪುರದ ಜನರಿಗೆ ಇಂದಿಗೂ ಪರಿಚಿತನಾದ ಮೆಡೋಸ್ ಟೇಲರ್. ಇವೆಲ್ಲವೂ ಬಹು ಬೆಲೆಯುಳ್ಳ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವುಗಳಲ್ಲಿಯೂ ನೋಟವೆಲ್ಲ ಗುಡಿಗೋಪುರಗಳ ಮೇಲೆಯೇ. ಗುಡಿಯ ನೆರಳಿನಲ್ಲಿ ರಾಗಿ ಒಣಗಿಸುತ್ತಿದ್ದ ಊರಿನ ಮೇಲೆ ಅಲ್ಲ.

ಜನರನ್ನೇ ನೋಡಬೇಕೆಂದು ಯಂತ್ರವು ಹೊರಟಾಗ ಆದದ್ದೇನು? ಗಾಜಿನ ಮೇಲೆ ಪಟ ತೆಗೆಯುವ ವಿಧಾನವು ೧೮೫೧ರಲ್ಲಿ ಬಂದು, ಕೆಲವು ಕ್ಷಣಗಳಲ್ಲಿ ಚಿತ್ರವು ಮೂಡುವಂತಾಯಿತು. ಅದರಲ್ಲಿಯೂ ತೊಂದರೆಯು ಕಡಿಮೆಯಿರಲಿಲ್ಲ. ಗಾಜಿಗೆ ಬಳಿದ ದ್ರವವು ಒಣಗುವುದರೊಳಗೆ ಎಲ್ಲವನ್ನೂ ಮುಗಿಸಬೇಕು. ಹೋದಲ್ಲೆಲ್ಲ ಕತ್ತಲೆಯ ಡೇರೆಯನ್ನು ಹೊಡೆಯಬೇಕು. ಗಾಜು, ಸೀಸೆ, ನೀರುಗಳನ್ನು ಹೊರಲು ಹತ್ತಾರು ಮಂದಿ ಕೂಲಿಗಳು ಬೇಕು. ಹಾಗಿದ್ದರೂ ಮನುಷ್ಯರ ಮುಖವು ಪಟಕ್ಕೆ ಇಳಿಯತೊಡಗಿತು. ೧೮೬೮ರಿಂದ ೧೮೭೫ರೊಳಗೆ ಹಿಂದೂಸ್ಥಾನದ ಜನರನ್ನು ಕುರಿತು ಎಂಟು ಸಂಪುಟಗಳ ಒಂದು ಸಚಿತ್ರ ಗ್ರಂಥವನ್ನು ಸರ್ಕಾರದ ಆಶ್ರಯದಲ್ಲಿ ಹೊರತಂದರು. ನಾನೂರಕ್ಕೂ ಮಿಕ್ಕ ಪಟಗಳಿರುವ ಆ ಗ್ರಂಥದಲ್ಲಿ ಬಹುಪಾಲು ಜನರಿಗೆ ಹೆಸರಿಲ್ಲ. ಇಂಥ ಜಾತಿಯವನು, ಇಂಥ ಕಸುಬಿನವನು, ಇಂಥ ಗುಣದವನು ಎಂಬ ಬರಹವುಂಟು. ತಾಯಿಯು ಕರೆದ ಹೆಸರಿಲ್ಲ. ಚಿಟ್ಟೆಗಳನ್ನು ಸೂಜಿಯಿಂದ ಚುಚ್ಚಿ ಹಲಗೆಗೆ ಅಂಟಿಸಿದಂತೆ ಮನುಷ್ಯರನ್ನು ಪುಟಗಳಿಗೆ ಅಂಟಿಸಿದರು.

ಇದಕ್ಕಿಂತ ಕಠೋರವಾದದ್ದು ಮುಂದಿನದು. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ ೧೮೭೬ರಿಂದ ೧೮೭೮ರವರೆಗಿನ ಕ್ಷಾಮದಲ್ಲಿ ಬಳ್ಳಾರಿಯ ಸೀಮೆಯೂ ಮೈಸೂರು ಸಂಸ್ಥಾನವೂ ಬೆಂದುಹೋದುವು. ಲಕ್ಷಗಟ್ಟಲೆ ಜನರು ಮಡಿದರು. ಆಗ ವಿಲ್ಲೋಬಿ ಹೂಪರ್ ಎಂಬ ಸೇನಾಧಿಕಾರಿಯು ಮದರಾಸು ಆಧಿಪತ್ಯದ ಬರಪೀಡಿತರನ್ನು ಗುಂಪು ಗುಂಪಾಗಿ ಕೂರಿಸಿ ಪಟಗಳನ್ನು ತೆಗೆದನು. ಎಲುಬಿಗೆ ಅಂಟಿದ ತೊಗಲು, ಕುಳಿಬಿದ್ದ ಕಣ್ಣು, ತಾಯಿಯ ಮಡಿಲಿನಲ್ಲಿ ತಲೆಯನ್ನು ಎತ್ತಲಾರದ ಕೂಸು. ಆ ಪಟಗಳನ್ನು ನೋಡಿ ಸಮುದ್ರದಾಚೆಯ ಜನರ ಮನಸ್ಸು ಕರಗಿದ್ದೂ ಉಂಟು. ಸಾಯುತ್ತಿರುವವರನ್ನು ಸಾಲಾಗಿ ಕೂರಿಸಿ ಪಟ ತೆಗೆಯುವ ಮನಸ್ಸು ಎಂಥದೆಂದು ಕೇಳಿದವರೂ ಉಂಟು. ನಮ್ಮ ಹಳ್ಳಿಯ ಮನುಷ್ಯನು ಹೊಲದಲ್ಲಿ ಉಳುತ್ತಿದ್ದಾಗ ಯಂತ್ರಕ್ಕೆ ಕಾಣಲಿಲ್ಲ. ಹಸಿವಿನಿಂದ ಅಲುಗಲಾರದೆ ಕುಳಿತಾಗ ಕಂಡನು. ಇದನ್ನು ಬರೆಯುವಾಗ ನಮ್ಮ ಲೇಖನಿಯು ಭಾರವಾಗುತ್ತದೆ.

ಬೇರೆ ದಾರಿಯೂ ಇದ್ದಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಗ್ರೀನ್‌ಲಾ ಹಂಪೆಯಲ್ಲಿದ್ದ ೧೮೫೬ರಲ್ಲಿಯೇ ಕ್ಯೂಬಾ ದ್ವೀಪದಲ್ಲಿ ಪೀಟರ್ ಹೆನ್ರಿ ಎಮರ್ಸನ್ ಎಂಬವನು ಹುಟ್ಟಿದನು. ಅವನು ವೈದ್ಯವನ್ನು ಕಲಿತು, ಅದನ್ನು ಬಿಟ್ಟು, ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಎಂಬ ಜೌಗು ಸೀಮೆಗೆ ಯಂತ್ರವನ್ನು ಕೊಂಡೊಯ್ದನು. ಅಷ್ಟರಲ್ಲಿ ಒಣಗಾಜಿನ ಫಲಕಗಳು ಬಂದು ಡೇರೆಯ ಕಾಟವು ತಪ್ಪಿದ್ದಿತು. ಚಿತ್ರಕಾರನಾದ ಗುಡಾಲ್ ಎಂಬ ಗೆಳೆಯನೊಡನೆ ಸೇರಿ ೧೮೮೬ರಲ್ಲಿ ಅವನು ಹೊರತಂದ ಗ್ರಂಥದಲ್ಲಿ ೪೦ ಪಟಗಳಿವೆ: ಜೊಂಡನ್ನು ಕೊಯ್ದು ದೋಣಿಗೆ ತುಂಬುವವರು, ಮೀನಿಗೆ ಬಲೆ ಬಿಡುವವರು, ಕೊಳದಲ್ಲಿ ನೈದಿಲೆ ಕೀಳುವ ಹೆಂಗಸು. ಅವರಲ್ಲಿ ಕೆಲವರು ಅವನು ಹೇಳಿದಂತೆ ನಿಂತವರೇ. ಆದರೂ ಕೈಯಲ್ಲಿ ಕೆಲಸವಿದೆ, ಬೆನ್ನ ಹಿಂದೆ ತಮ್ಮದೇ ನೆಲವಿದೆ. ಹಳ್ಳಿಯ ಬದುಕನ್ನೂ ಅದರ ಸುತ್ತಲ ನೋಟವನ್ನೂ ಬೇರೆಬೇರೆ ಮಾಡದೆ ಒಂದೇ ಪಟದಲ್ಲಿ ಕಾಣಬೇಕೆಂಬುದು ಅವನ ಹಟ. ನಮ್ಮ ನಾಡಿನಲ್ಲಿ ಈ ಕೆಲಸವು ನಮ್ಮವರ ಕೈಗೆ ಯಂತ್ರವು ಬರುವವರೆಗೆ ಕಾಯಬೇಕಾಯಿತು. ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರ ಪಟಗಳಲ್ಲಿ ಸಾಮಾನ್ಯ ಜನರೂ ಮಕ್ಕಳೂ ಮಾದರಿಗಳಾಗಿ ಕಾಣುವುದಿಲ್ಲ, ನೆರೆಮನೆಯವರಾಗಿ ಕಾಣುತ್ತಾರೆ. ಭಾಷೆಯನ್ನು ಬಲ್ಲವನು ತೆಗೆದ ಪಟಕ್ಕೂ ಬಾರದವನು ತೆಗೆದ ಪಟಕ್ಕೂ ಇರುವ ಅಂತರವು ಅಲ್ಲಿ ತಿಳಿಯುತ್ತದೆ.

ಇನ್ನು ಗ್ರೀನ್‌ಲಾನ ಪಟಗಳ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಅವನು ೧೮೭೦ರಲ್ಲಿ ತೀರಿಕೊಂಡನು. ಮೇಣದ ಕಾಗದದ ಮೂಲಪಟಗಳು ನೂರು ವರ್ಷಕ್ಕೂ ಮಿಕ್ಕ ಕಾಲ ಲೋಕದ ಕಣ್ಣಿಗೆ ಬೀಳದೆ ಇದ್ದು, ೧೯೮೦ರ ಸುಮಾರಿಗೆ ವಿದ್ವಾಂಸರ ಗಮನಕ್ಕೆ ಬಂದುವು. ಆಗ ಹಂಪೆಯಲ್ಲಿ ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಸ್ ಎಂಬ ವಿದ್ವಾಂಸರು ಕಟ್ಟಡಗಳ ಅಳತೆಯ ಕೆಲಸವನ್ನು ನಡೆಸುತ್ತಿದ್ದರು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ೧೯೮೩ರಲ್ಲಿ ಗ್ರೀನ್‌ಲಾ ನಿಂತ ಎಡೆಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅದೇ ನೋಟಗಳನ್ನು ಮತ್ತೆ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ ೧೨೭ ವರ್ಷಗಳಲ್ಲಿ ಏನು ಬಿದ್ದಿತು, ಏನು ಉಳಿಯಿತು ಎಂಬುದು ಮಾತಿಲ್ಲದೆ ತಿಳಿಯಿತು. ಆ ಮೂಲಪಟಗಳು ಬಳಿಕ ದೆಹಲಿಯ ಅಲ್ಕಾಜಿ ಛಾಯಾಚಿತ್ರ ಸಂಗ್ರಹಕ್ಕೆ ಸೇರಿದುವು. ನಾಟಕದ ನಿರ್ದೇಶಕರೆಂದು ಹೆಸರಾದ ಇಬ್ರಾಹಿಂ ಅಲ್ಕಾಜಿಯವರು ಕೂಡಿಸಿದ ಭಂಡಾರವದು.

೧೯೮೬ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅಂದಿನಿಂದ ಕಲ್ಲಿನ ಕಾಪು ಹೆಚ್ಚಿತು; ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ವಿರೂಪಾಕ್ಷನ ಗುಡಿಯ ಮುಂದಿನ ತೇರುಬೀದಿಯಲ್ಲಿ, ಅರ್ಧ ಮೈಲಿಗೆ ಸಮೀಪವಾಗಿ ಹಬ್ಬಿದ ಸಾಲುಮಂಟಪಗಳ ಆಸರೆಯಲ್ಲಿ, ಅನೇಕ ವರ್ಷಗಳಿಂದ ಮನೆ, ಅಂಗಡಿ, ಖಾನಾವಳಿಗಳನ್ನು ಮಾಡಿಕೊಂಡು ಬದುಕುತ್ತಿದ್ದವರು ಇದ್ದರು. ೨೦೧೧ರ ಜುಲೈ ತಿಂಗಳಿನಲ್ಲಿ ಅವರ ಮನೆಗಳನ್ನು ಕೆಡವಿದರು. ಮುನ್ನೂರರಷ್ಟು ಸಂಸಾರಗಳು ಬೀದಿಯನ್ನು ಬಿಡಬೇಕಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ನೆಲೆಯನ್ನು ಗೊತ್ತುಮಾಡಲಾಯಿತು. ಪುರಾತನ ಮಂಟಪಗಳಿಗೆ ಸಿಮೆಂಟಿನ ಗೋಡೆಗಳು ಹತ್ತಿಕೊಂಡು ಅಪಾಯವಾಗಿತ್ತೆಂದು ಒಂದು ಪಕ್ಷದವರು ಹೇಳುತ್ತಾರೆ. ಜಾತ್ರೆಯೂ ತೇರೂ ನಡೆಯುವ ಜೀವಂತ ಊರಿನಿಂದ ಊರವರನ್ನೇ ತೆಗೆದರೆ ಉಳಿಯುವುದೇನೆಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಎರಡು ಮಾತಿನಲ್ಲಿಯೂ ಹುರುಳಿದೆ. ನಾವು ಆ ಬೀದಿಯಲ್ಲಿ ನಿಂತು ನೋಡಿದಾಗ ಮಂಟಪದ ಕಂಬಗಳು ಸಾಲಾಗಿ, ಶುಭ್ರವಾಗಿ, ಬರಿದಾಗಿ ನಿಂತಿದ್ದುವು. ಗ್ರೀನ್‌ಲಾನ ಕಾಗದವು ತನ್ನ ನಿಧಾನದಿಂದಾಗಿ ಮನುಷ್ಯರನ್ನು ಬಿಟ್ಟಿತು. ನಾವು ಬೇಕೆಂದೇ ಬಿಡಿಸಿದೆವು. ಆ ಪಟದಂತೆಯೇ ಊರೂ ಆಗುತ್ತ ಬಂದಿದೆಯೇ ಎಂಬ ಶಂಕೆಯು ನಮ್ಮನ್ನು ಬಿಡಲಿಲ್ಲ. ಕಲ್ಲನ್ನೂ ಕಾಯಬೇಕು, ಅದರ ನೆರಳಿನಲ್ಲಿ ಬದುಕಿದವರನ್ನೂ ಕಾಯಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡದಂಥ ದಾರಿಯನ್ನು ತಿಳಿದವರು ಕೂಡಿ ಹುಡುಕಬೇಕೆಂದು ನಮ್ಮ ಬಿನ್ನಹ.

ಸಾಮಾನ್ಯ ಗೃಹಸ್ಥರಾದ ನಮ್ಮ ಕೈಯಲ್ಲಿ ಆಗುವುದೇನೆಂದರೆ ಅದು ನಮ್ಮ ಮನೆಯಲ್ಲಿಯೇ ಇದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ, ದೇವರ ಮನೆಯ ಗೂಡಿನಲ್ಲಿ, ಬಣ್ಣ ಮಾಸಿದ ಹಳೆಯ ಪಟಗಳು ಯಾರ ಮನೆಯಲ್ಲಿಲ್ಲ? ಕುರ್ಚಿಯ ಮೇಲೆ ನೆಟ್ಟಗೆ ಕುಳಿತ ಹಿರಿಯರು, ಪಕ್ಕದಲ್ಲಿ ಸೆರಗನ್ನು ಹೊದ್ದು ನಿಂತ ಅಜ್ಜಿ, ಮುಂದೆ ನೆಲದ ಮೇಲೆ ಕುಳಿತ ಮಕ್ಕಳು, ಮೂಲೆಯಲ್ಲಿ ಅರ್ಧ ಮರೆಯಾಗಿ ನಿಂತ ಒಬ್ಬ ಆಳುಮಗ. ಇವರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಅವರೂ ಹೋದ ಮೇಲೆ ನಮ್ಮ ಹಿರಿಯರೂ ಆ ಎಂಟು ಸಂಪುಟಗಳ ಹೆಸರಿಲ್ಲದವರಂತೆಯೇ ಆಗುವರು.

ಆದುದರಿಂದ ವಾಚಕರು ಈ ವಾರವೇ ಒಂದು ಬಿಡುವಿನ ಮಧ್ಯಾಹ್ನ ಆ ಟ್ರಂಕನ್ನು ಇಳಿಸಿ, ಮನೆಯ ಹಿರಿಯರನ್ನು ಬೆಳಕಿನ ಕಡೆ ಕೂರಿಸಿ, ಒಂದೊಂದೇ ಪಟವನ್ನು ಕೈಗೆ ಕೊಟ್ಟು ಕೇಳಲಿ. ಇವರು ಯಾರು, ಯಾವ ಊರು, ಯಾವ ವರ್ಷ, ಹಿಂದೆ ಕಾಣುವ ಮರ ಯಾವುದು, ಆ ಮನೆಯು ಈಗಲೂ ಇದೆಯೇ ಎಂದು ಕೇಳಲಿ. ಹೇಳಿದ್ದನ್ನು ಪಟದ ಹಿಂಬದಿಯಲ್ಲಿ ಮೃದುವಾದ ಸೀಸದ ಕಡ್ಡಿಯಿಂದ, ಒತ್ತದೆ, ಬರೆದಿಡಲಿ. ಮಸಿಯಿಂದ ಬರೆದರೆ ಮುಂಬದಿಗೆ ಇಳಿದೀತು. ಮೂಲೆಯಲ್ಲಿ ನಿಂತ ಆಳುಮಗನ ಹೆಸರನ್ನೂ ಮರೆಯದೆ ಬರೆಯಲಿ. ಪಟವನ್ನು ತೇವವಿಲ್ಲದ, ಬಿಸಿಲು ಬೀಳದ ಎಡೆಯಲ್ಲಿ, ನಡುವೆ ಒಂದೊಂದು ಶುದ್ಧವಾದ ಕಾಗದವನ್ನು ಇಟ್ಟು ಜೋಡಿಸಲಿ. ಇದಕ್ಕೆ ಕಾಸಿನ ಖರ್ಚಿಲ್ಲ. ಮುಖವನ್ನು ಉಳಿಸುವ ಕೆಲಸವನ್ನು ಬೆಳಕು ಮಾಡಿ ಮುಗಿಸಿದೆ. ಹೆಸರನ್ನು ಉಳಿಸುವುದು ಮನೆಯವರ ಕೆಲಸ.